ಮುಚ್ಚಿಡುವ ಪುಸ್ತಕಕ್ಕೆ ಬರೆಯುವ ಚಿತ್ರ: ರುಸ್ತುಮನ ಒಂದು ಪುಟ

ಮೈಸೂರು ಶೈಲಿಯಲ್ಲಿ ಕೈ ಪಳಗಿದವರು ಪರ್ಷಿಯನ್ ಪುಟಚಿತ್ರ ಬರೆಯಲು ಕೂತರೆ ಮೊದಲು ಎಡವುವುದು ಚಿನ್ನದಲ್ಲಿ. ದೇವಿಯ ಕಿರೀಟ, ಒಡ್ಯಾಣ, ಪ್ರಭಾವಳಿಗೆಲ್ಲ ಮೊದಲು ಜೆಸ್ಸೊ, ಅಂದರೆ ಬಿಳಿ ಪುಡಿ ಅಂಟು ಕಲಸಿದ್ದು, ಎಳೆದು ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುವುದು ನಮ್ಮ ರೂಢಿ. ತಂಜಾವೂರಿನಷ್ಟು ದಪ್ಪ ಅಲ್ಲ, ನಮ್ಮದು ತೆಳು ಉಬ್ಬು ಎಂದು ಹೆಮ್ಮೆ ಬೇರೆ. ಪುಸ್ತಕದ ಹಾಳೆ ಆ ತೆಳು ಉಬ್ಬನ್ನೂ ತಾಳುವುದಿಲ್ಲ. ಪುಟ ತಿರುವಿದಾಗ ಹಾಳೆ ಬಾಗುತ್ತದೆ, ಬಾಗಿದ ಕಡೆ ಜೆಸ್ಸೊ ಬಿರಿಯುತ್ತದೆ. ಮುಚ್ಚಿಟ್ಟರೆ ಉಬ್ಬು ಎದುರು ಪುಟವನ್ನು ಒತ್ತಿ ಗೀರು ಹಾಕುತ್ತದೆ. ಕೊನೆಗೆ ಚಿನ್ನದ ಚೂರುಗಳೆಲ್ಲ ಹೊಲಿಗೆಯ ಸಂದಿಗೆ ಸೇರಿಕೊಳ್ಳುತ್ತವೆ.

ಪರ್ಷಿಯನ್ ಚಿತ್ರ ತನ್ನ ಆಯಸ್ಸಿನ ಬಹುಪಾಲನ್ನು ಕತ್ತಲಲ್ಲಿ, ಇನ್ನೊಂದು ಪುಟಕ್ಕೆ ಮುಖ ಒತ್ತಿಕೊಂಡು ಕಳೆಯುತ್ತದೆ. ಬಣ್ಣ ಯಾಕೆ ಅಷ್ಟು ತೆಳು, ಕಾಗದಕ್ಕೆ ಯಾಕೆ ಅಷ್ಟು ಉಜ್ಜಾಟ, ಚಿನ್ನ ಯಾಕೆ ಚಪ್ಪಟೆ ಎಂದು ಕೇಳುತ್ತ ಹೋದರೆ ಎಲ್ಲವೂ ಬಂದು ನಿಲ್ಲುವುದು ಇಲ್ಲಿಗೇ. ಆ ದೃಷ್ಟಿಯಿಂದ ನೋಡಿದರೆ ನಮ್ಮೂರಿನಲ್ಲಿ ಇದಕ್ಕೆ ಹತ್ತಿರದ ನೆಂಟ ಗಂಜೀಫ, ಕೈಯಲ್ಲಿ ಬಣ್ಣ ಬರೆದ ಆಟದ ಎಲೆಗಳು. ಹೆಸರು, ಆಟ ಎರಡೂ ಪರ್ಷಿಯಾ ಕಡೆಯಿಂದಲೇ ಬಂದವು. 1527ರಲ್ಲಿ ಬಾಬರ್ ಸಿಂಧ್‌ಗೆ ಗಂಜೀಫ ಕಳಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮುಮ್ಮಡಿ ಕೃಷ್ಣರಾಜ ಒಡೆಯರು ಇಲ್ಲಿ ಕೂತು ಅದಕ್ಕೆ ಹೊಸ ಹೊಸ ಆಟಗಳನ್ನೇ ಕಟ್ಟಿದರು. ಕೈಯಲ್ಲಿ ಹಿಡಿದು ಒಂದರ ಮೇಲೊಂದು ಉಜ್ಜುವ ಎಲೆಗೆ ಬಣ್ಣ ಹಾಕಿ ಅಭ್ಯಾಸವಿದ್ದವರಿಗೆ ಈ ಪುಟ ಬೇಗ ಒಗ್ಗುತ್ತದೆ.

ಕಥೆಯ ವಿಷಯ ಬೇಗ ಮುಗಿಸುತ್ತೇನೆ. ಫಿರ್ದೌಸಿ 1010ರಲ್ಲಿ ಮುಗಿಸಿದ ಶಾಹ್‌ನಾಮಾ ಸುಮಾರು 50,000 ದ್ವಿಪದಿಗಳ ಕಾವ್ಯ. ಇರಾನಿನ ರಾಜರ ಕಥೆಯೇ ಆದರೂ ಜನ ಹಿಡಿದುಕೊಂಡದ್ದು ರುಸ್ತುಮನನ್ನು. ಗುರುತು ಸಿಗದೆ ತನ್ನ ಮಗ ಸೊಹ್ರಾಬನನ್ನೇ ಕೊಂದು, ಅವನ ತೋಳಿನ ತಾಯಿತ ಕಂಡಮೇಲೆ ಎದೆ ಬಡಿದುಕೊಂಡವನು ಅವನೇ. ಬಭ್ರುವಾಹನನ ಕಥೆ ಕೇಳಿ ಬೆಳೆದ ನಮಗೆ ಇದು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಾಣುತ್ತದೆ. ಅಲ್ಲಿ ಅರ್ಜುನ ಮಣಿಯ ಬಲದಿಂದ ಎದ್ದು ಕೂತ, ಇಲ್ಲಿ ಸೊಹ್ರಾಬ್ ಏಳುವುದಿಲ್ಲ.

ಆದರೆ ಕಲಿಯುವವರು ಸೊಹ್ರಾಬನ ಸಾವಿನಿಂದ ಶುರು ಮಾಡಬೇಡಿ. ಕವಚ, ಸೇನೆ, ಬಾವುಟ, ಎರಡು ಕುದುರೆ ಎಲ್ಲ ಬೇಕಾಗುತ್ತದೆ. ರುಸ್ತುಮನ ಏಳು ಸಾಹಸಗಳಲ್ಲಿ ಮೊದಲನೆಯದು ಸಾಕು: ರುಸ್ತುಂ ಜೊಂಡಿನ ಪಕ್ಕ ಮಲಗಿ ನಿದ್ದೆ ಹೋಗಿದ್ದಾನೆ, ಸಿಂಹ ಬಂದಿದೆ, ಅವನ ಕುದುರೆ ರಕ್ಷ್ ಒಂಟಿಯಾಗಿ ಅದನ್ನು ಕಚ್ಚಿ ತುಳಿದು ಕೊಲ್ಲುತ್ತಿದೆ. ಎದ್ದಮೇಲೆ ರುಸ್ತುಂ ಕುದುರೆಯನ್ನು ಹೊಗಳುವುದರ ಬದಲು ಗದರಿಸುತ್ತಾನೆ: ನಿನಗೇನಾದರೂ ಆಗಿದ್ದರೆ ನನ್ನ ಗತಿ ಏನು ಎಂದು. ಒಬ್ಬ ಮನುಷ್ಯ, ಎರಡು ಪ್ರಾಣಿ, ಗಿಡ, ಬಂಡೆ. 16ನೇ ಶತಮಾನದ ಆರಂಭದ ಒಂದು ಅಪೂರ್ವ ಹಾಳೆ ಇದೇ ಸನ್ನಿವೇಶದ್ದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಸುಲ್ತಾನ್ ಮುಹಮ್ಮದ್ ಎಂಬ ಚಿತ್ರಗಾರನ ಕೈಯದು ಎನ್ನುತ್ತಾರೆ.

ಕುಂಚ ಮುಟ್ಟುವ ಮೊದಲು ಪುಟ ಕಟ್ಟಬೇಕು. ಪುಸ್ತಕ ಬರೆದು ಕಟ್ಟುವ ಅರಮನೆಯ ಕಿತಾಬ್‌ಖಾನಾಗಳಲ್ಲಿ ಮೊದಲು ಅಕ್ಷರ ಬರೆಯುವವನು ಕೂರುತ್ತಿದ್ದ, ಅವನು ಬಿಟ್ಟ ಜಾಗದಲ್ಲಿ ಚಿತ್ರಗಾರ. ಅಂದರೆ ಚಿತ್ರದ ಆಕಾರ ನಿರ್ಧಾರವಾಗುತ್ತಿದ್ದದ್ದು ಪದ್ಯದಿಂದ. ಶಾಹ್‌ನಾಮಾದ ಪ್ರತಿ ಅರ್ಧಸಾಲಿಗೂ (ದ್ವಿಪದಿಗೆ ಇಂಥವು ಎರಡು) 11 ಅಕ್ಷರ, ಹ್ರಸ್ವ ದೀರ್ಘಗಳ ಲೆಕ್ಕವೂ ಒಂದೇ. ಎಲ್ಲ ತುಂಡುಗಳೂ ಹೆಚ್ಚುಕಡಿಮೆ ಒಂದೇ ಉದ್ದ ಬರುವುದರಿಂದ ಪುಟವನ್ನು ನಾಲ್ಕು ಸಮ ಅಂಕಣ ಮಾಡಿ ಸಾಲಿಗೆ ಎರಡು ದ್ವಿಪದಿ ಕೂರಿಸಬಹುದು. ಭಾಮಿನಿ ಷಟ್ಪದಿಯನ್ನು ಹೀಗೆ ಕೂರಿಸಲು ಹೋಗಿ ನೋಡಿ: 14 ಮಾತ್ರೆಯ ಸಾಲುಗಳು ಸರಿಯಾಗಿ ಕೂರುತ್ತವೆ, 23 ಮಾತ್ರೆಯ ಮೂರನೆಯ ಮತ್ತು ಆರನೆಯ ಸಾಲುಗಳು ಅಂಕಣ ಒಡೆದು ಹೊರಗೆ ಬರುತ್ತವೆ. ಕನ್ನಡದಲ್ಲಿ ಬರೆಯುವುದಾದರೆ ರಗಳೆ ಒಳ್ಳೆಯ ಜೋಡಿ. ಸಮ ಅಳತೆ, ಎರಡೆರಡು ಸಾಲಿಗೆ ಪ್ರಾಸ.

30 × 20 ಸೆಂ.ಮೀ. ಹಾಳೆಯಲ್ಲಿ 21 × 13 ಸೆಂ.ಮೀ. ಚೌಕಟ್ಟು ಇಟ್ಟುಕೊಳ್ಳಿ. ಹೊಲಿಗೆಯ ಕಡೆಯ ಅಂಚು ಕಿರಿದು, ಹೊರಗಿನದು ಅಗಲ. ಸಾಲಿಗೆ 7 ಮಿ.ಮೀ. ಲೆಕ್ಕ ಹಿಡಿದರೆ 30 ಸಾಲು: ಮೇಲೆ 8, ಕೆಳಗೆ 4, ನಡುವಿನ 18 ಸಾಲಿನ ಜಾಗ, ಅಂದರೆ 12.6 ಸೆಂ.ಮೀ. ಎತ್ತರ, ಚಿತ್ರಕ್ಕೆ. ಇದಕ್ಕಿಂತ ಸಾಲು ಕಿರಿದು ಮಾಡಿದರೆ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತವೆ. ಕನ್ನಡಕ್ಕೆ ನಾಲ್ಕು ಅಂಕಣವೂ ಇಕ್ಕಟ್ಟು. ನಡುವೆ 4 ಮಿ.ಮೀ. ಸಂದಿ ಬಿಟ್ಟು 6.3 ಸೆಂ.ಮೀ. ಅಗಲದ ಎರಡು ಅಂಕಣ ಮಾಡಿಕೊಳ್ಳಿ. ಚಿತ್ರದ ತಲೆಯ ಮೇಲೆ ಬರುವ ಕೊನೆಯ ದ್ವಿಪದಿ ಯಾವುದು ಎನ್ನುವುದರ ಮೇಲೆ ನಿಗಾ ಇರಲಿ. ಆ ಸಾಲಿನಲ್ಲಿ ನಡೆಯುವುದೇ ಚಿತ್ರದಲ್ಲೂ ನಡೆಯಬೇಕು. ಪದ್ಯದಲ್ಲಿ ರುಸ್ತುಂ ಎದ್ದು ಕೂತಾಗಿ ಚಿತ್ರದಲ್ಲಿ ಇನ್ನೂ ಗೊರಕೆ ಹೊಡೆಯುತ್ತಿದ್ದರೆ ಪುಟ ಕೆಟ್ಟಂತೆ.

ಗೆರೆ ಹಾಕಲು ಪೆನ್ಸಿಲ್ ಬೇಡ, ಒರೆಸಿದರೆ ಕಾಗದದ ಹೊಳಪು ಹೋಗುತ್ತದೆ. ಅವರು ಬಳಸುತ್ತಿದ್ದ ಮಿಸ್ತರ್ ಬಲು ಜಾಣತನದ ಸಾಧನ. ದಪ್ಪ ರಟ್ಟಿನ ಎರಡೂ ಅಂಚಿಗೆ 7 ಮಿ.ಮೀ.ಗೊಂದು ತೂತು ಮಾಡಿ ಗಟ್ಟಿ ದಾರವನ್ನು ಅಡ್ಡಡ್ಡ ಬಿಗಿದು ಪೋಣಿಸುತ್ತಾರೆ. ಕಾಗದವನ್ನು ಅದರ ಮೇಲಿಟ್ಟು ಹೆಬ್ಬೆರಳಿನಿಂದ ದಾರದುದ್ದಕ್ಕೂ ಒತ್ತಿದರೆ ಬಣ್ಣವಿಲ್ಲದ ಗೆರೆ ಏಳುತ್ತದೆ. ಒಂದೇ ರಟ್ಟು ಇಡೀ ಪುಸ್ತಕಕ್ಕೆ ಸಾಕು. ದಾರ ಸಡಿಲವಾದರೆ ಮಾತ್ರ ನಡುವಿನ ಗೆರೆಗಳು ಬಾಗುತ್ತವೆ.

ಕಾಗದ ಹತ್ತಿಬಟ್ಟೆಯ ಚಿಂದಿಯಿಂದ ಕೈಯಲ್ಲಿ ಮಾಡಿದ್ದಿರಲಿ, ಚದರ ಮೀಟರಿಗೆ 120ರಿಂದ 150 ಗ್ರಾಂ ತೂಗುವಂಥದ್ದು (ಜಿಎಸ್ಎಂ). ಅದಕ್ಕೆ ಗಂಜಿ ಹಾಕಬೇಕು, ಸೀರೆಗೆ ಹಾಕಿದ ಹಾಗೇ. 250 ಮಿ.ಲೀ. ನೀರಿಗೆ 10 ಗ್ರಾಂ ಗೋಧಿ ಪಿಷ್ಟ ಕದಡಿ, ಬಿಳಿ ಬಣ್ಣ ಹೋಗಿ ಪಾರದರ್ಶಕವಾಗುವ ತನಕ ಕಾಯಿಸಿ, ಬಟ್ಟೆಯಲ್ಲಿ ಸೋಸಿ. ಆರಿದ ಮೇಲೆ ಅಗಲ ಕುಂಚದಲ್ಲಿ ಎರಡೂ ಬದಿಗೆ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಹಾಳೆ ಹಪ್ಪಳದ ಹಾಗೆ ಸುರುಳುತ್ತದೆ. ನೆರಳಲ್ಲಿ ಒಣಗಿಸಿ, ಇನ್ನೊಂದು ಕೈ ಹಚ್ಚಿ, ಮಾರನೆಯ ದಿನ ಗಾಜಿನ ಮೇಲೆ ಹರಡಿ ಅಗೇಟ್ ಕಲ್ಲಿನಿಂದಲೋ ದೊಡ್ಡ ಕವಡೆಯ ಬೆನ್ನಿನಿಂದಲೋ ಉಜ್ಜಿ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಮೂಲೆಯಲ್ಲಿ ಒಂದು ತೊಟ್ಟು ನೀರು ಬಿಟ್ಟು ಹತ್ತು ಎಣಿಸಿ. ತೊಟ್ಟು ದುಂಡಗೆ ನಿಂತಿದ್ದರೆ ಕಾಗದ ಸಿದ್ಧ. ಹೀರಿಕೊಂಡರೆ ಮತ್ತೊಂದು ಕೈ ಗಂಜಿ. ಗಂಜಿಗೆ ಪಟಿಕ ಸೇರಿಸುವ ಅಭ್ಯಾಸ ಕೆಲವರಿಗಿದೆ. ಈ ಕೆಲಸಕ್ಕೆ ಬೇಡ. ಪಟಿಕದ ಆಮ್ಲ ಅಲ್ಟ್ರಾಮರೀನ್ ನೀಲಿಯನ್ನು ನಿಧಾನವಾಗಿ ಬಿಳಿಚಿಸುತ್ತದೆ. ಮೈಸೂರಿನ ಜುಲೈ ಆಗಸ್ಟಿನಲ್ಲಿ ಗಂಜಿ ಹಚ್ಚಿದ ಹಾಳೆಗಳನ್ನು ಒದ್ದೆಯಿರುವಾಗಲೇ ಒಂದರ ಮೇಲೊಂದು ಇಟ್ಟರೆ ಮೂರನೆಯ ದಿನಕ್ಕೆ ಬೂಷ್ಟು ಗ್ಯಾರಂಟಿ.

ರೇಖೆ ಇಳಿಸಲು ಅವರು ಚರ್ಬಾ ಬಳಸುತ್ತಿದ್ದರು: ಜಿಂಕೆಯ ತೆಳು ಪಾರದರ್ಶಕ ಚರ್ಮದ ಮೇಲೆ ರೇಖೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಕಾಗದದ ಮೇಲಿಟ್ಟು, ಇದ್ದಿಲ ಪುಡಿಯ ಗಂಟನ್ನು ತಟ್ಟುವುದು. ಗಂಜೀಫ, ರಂಗೋಲಿ ಅಚ್ಚು ಬಲ್ಲವರಿಗೆ ಹೊಸದೇನಲ್ಲ. ಈಗ ಟ್ರೇಸಿಂಗ್ ಹಾಳೆ ಸಾಕು. ಇದ್ದಿಲನ್ನು ಧಾರಾಳವಾಗಿ ತಟ್ಟಿದರೆ ಆಮೇಲೆ ಹಳದಿ, ಗುಲಾಬಿಗಳೆಲ್ಲ ಮಂಕಾಗುತ್ತವೆ. ಚುಕ್ಕೆಗಳನ್ನು ತೆಳು ಕೆಂಪು ನೀರಿನಿಂದ ಸೇರಿಸಿ, ಇದ್ದಿಲನ್ನು ಪುಕ್ಕದಿಂದ ಝಾಡಿಸಿಬಿಡಿ.

ಬಣ್ಣಗಳಿಗಿಂತ ಮೊದಲು ಚಿನ್ನ. ಹಾಕಿದ ಚಿನ್ನವನ್ನು ಕಲ್ಲಿನಿಂದ ತಿಕ್ಕಬೇಕು, ಆಗ ಪಕ್ಕದಲ್ಲಿ ಬಣ್ಣವಿದ್ದರೆ ಅದೂ ತಿಕ್ಕಿಹೋಗುತ್ತದೆ. ಸಾಲದ್ದಕ್ಕೆ ಗೋಂದಿರುವ ಬಣ್ಣಕ್ಕೆ ಚಿನ್ನದ ಪುಡಿ ಸಲೀಸಾಗಿ ಹತ್ತಿಕೊಳ್ಳುತ್ತದೆ. ಇಲ್ಲಿ ರೇಕನ್ನು ಹಾಗೇ ಅಂಟಿಸುವುದಿಲ್ಲ, ಅರೆದು ಬಣ್ಣ ಮಾಡಿಕೊಳ್ಳುತ್ತಾರೆ. ಪಿಂಗಾಣಿ ತಟ್ಟೆಯಲ್ಲಿ ಎರಡು ತೊಟ್ಟು ಜೇನುತುಪ್ಪ, ಅದಕ್ಕೊಂದು ಅಪ್ಪಟ ಚಿನ್ನದ ರೇಕು, ಉಂಗುರ ಬೆರಳಿನಿಂದ ಸುತ್ತಿ ಸುತ್ತಿ ಅರೆಯುವುದು. ಒಂದು ಮಾಯವಾದ ಮೇಲೆ ಇನ್ನೊಂದು. ಹತ್ತು ರೇಕಿಗೆ ಮುಕ್ಕಾಲು ಗಂಟೆಯಾದರೂ ಹಿಡಿಯುತ್ತದೆ. ನಡುವೆ ಫೋನ್ ಬಂತೆಂದು ಎದ್ದು ಹೋದರೆ ಜೇನು ತಟ್ಟೆಗೆ ಒಣಗಿ ಚಿನ್ನ ಗಂಟು ಕಟ್ಟುತ್ತದೆ, ಆ ಗಂಟು ಮತ್ತೆ ಒಡೆಯುವುದು ಕಷ್ಟ. ಅರೆದಾದ ಮೇಲೆ ಬಿಸಿನೀರು ಹಾಕಿ, ಚಿನ್ನ ತಳಕ್ಕೆ ಕೂತಮೇಲೆ ಮೇಲಿನ ನೀರು ಬಸಿಯಿರಿ. ಹೀಗೆ ಮೂರು ಬಾರಿಯಾದರೂ ಮಾಡಿ. ಜೇನು ಉಳಿದರೆ ಮಳೆಗಾಲದ ತೇವ ಎಳೆದು ಅಂಟಂಟಾಗುತ್ತದೆ, ಎದುರು ಪುಟ ಬಂದು ಅದಕ್ಕೆ ಕಚ್ಚಿಕೊಳ್ಳುತ್ತದೆ. ತೊಳೆದ ಚಿನ್ನಕ್ಕೆ ತೀರಾ ತೆಳು ಗೋಂದಿನ ನೀರು ಬೆರೆಸಿ ಆಕಾಶಕ್ಕೆ ಎರಡು ಕೈ ಹಚ್ಚಿ. ಒಣಗಿದಾಗ ಅದು ಸಾಸಿವೆ ಬಣ್ಣದ ಮಣ್ಣಿನ ಹಾಗೆ ಕಂಡರೆ ಗಾಬರಿಯಾಗಬೇಡಿ. ನುಣುಪು ಕಾಗದ ಮುಚ್ಚಿ ಅದರ ಮೇಲಿನಿಂದ ಅಗೇಟ್‌ನಲ್ಲಿ ತಿಕ್ಕಿ, ಆಮೇಲೆ ಕಾಗದ ತೆಗೆದು ನೇರವಾಗಿ ತಿಕ್ಕಿ. ಆಗ ಚಿನ್ನ ಎದ್ದು ಕಾಣುತ್ತದೆ. ರೇಕಿಗಿಂತ ಹಲವು ಪಟ್ಟು ಚಿನ್ನ ಬೇಕಾಗುತ್ತದೆ ಎನ್ನುವುದನ್ನು ಜೇಬು ನೋಡಿಕೊಂಡು ತೀರ್ಮಾನಿಸಿ.

ನೀರಿಗೆ, ಕವಚಕ್ಕೆ ಅವರು ಬೆಳ್ಳಿ ಹಾಕುತ್ತಿದ್ದರು. ಹಳೆಯ ಪುಟಗಳಲ್ಲಿ ಹೊಳೆಗಳು ಕಪ್ಪಗೆ, ಸೀಸದ ಬಣ್ಣಕ್ಕೆ ಕಾಣುವುದು ಅದರಿಂದಲೇ. ಪೂಜೆಯ ಬೆಳ್ಳಿ ಕರಿಗಟ್ಟಿದಂತೆ ಅದೂ ಕರಿಗಟ್ಟಿದೆ, ಆದರೆ ಇದನ್ನು ಹುಣಸೆಹಣ್ಣು ಹಾಕಿ ಉಜ್ಜುವಂತಿಲ್ಲವಲ್ಲ!

ಬಣ್ಣಕ್ಕೆ ಅಂಟು ಗೋಂದು. 100 ಮಿ.ಲೀ. ಬಿಸಿನೀರಿಗೆ 50 ಗ್ರಾಂ ಹಾಕಿ ರಾತ್ರಿಯಿಡೀ ನೆನೆಸಿ ಮಲ್ಲುಬಟ್ಟೆಯಲ್ಲಿ ಎರಡು ಸಲ ಸೋಸಿ. ದೇವರಾಜ ಮಾರುಕಟ್ಟೆ ಸುತ್ತಿನ ಗ್ರಂಧಿಗೆ ಅಂಗಡಿಯಲ್ಲಿ ಅಂಟು ಕೇಳಿದರೆ ಅಂಟಿನುಂಡೆಗೆ ಹಾಕುವುದನ್ನು ಕೊಡಬಹುದು. ಒಂದು ಹರಳು ನೆನೆಸಿ ನೋಡಿ: ಪೂರ್ತಿ ಕರಗಿದರೆ ಸರಿ, ಉಬ್ಬಿ ಜೆಲ್ಲಿಯ ಹಾಗಾದರೆ ಅದು ಬೇರೆ ಮರದ ಅಂಟು, ಚಿತ್ರಕ್ಕೆ ಬರುವುದಿಲ್ಲ. ಪುಡಿಗೆ ಎಷ್ಟು ಗೋಂದು ಎಂದು ಗ್ರಾಂ ಲೆಕ್ಕ ಹೇಳುವವರನ್ನು ನಂಬಬೇಡಿ, ಒಂದೊಂದು ಬಣ್ಣ ಒಂದೊಂದು ಥರ ಕುಡಿಯುತ್ತದೆ. ಒಂದು ಗೆರೆ ಎಳೆದು, ಒಣಗಿದ ಮೇಲೆ ಬೆರಳಲ್ಲಿ ಉಜ್ಜಿ. ಬೆರಳಿಗೆ ಪುಡಿ ಹತ್ತಿದರೆ ಗೋಂದು ಕಡಿಮೆ. ಮಿರಮಿರ ಮಿಂಚಿ, ಹಾಳೆ ಬಾಗಿಸಿದಾಗ ಬಿರುಕು ಬಿಟ್ಟರೆ ಹೆಚ್ಚು.

ಮೂಲ ಬಣ್ಣಗಳ ಹೆಸರು ನಮಗೆ ಪರಿಚಿತವೇ. ಕೆಂಪಿಗೆ ಇಂಗಳೀಕ, ಹಳದಿಗೆ ಹರಿದಳ, ಬಿಳಿಗೆ ಸೀಸದ ಸಫೇದ, ನೀಲಿಗೆ ಬದಖ್ಶಾನದ ಗಣಿಯ ರಾಜಾವರ್ತ, ಅಂದರೆ ಅವರ ಲಾಜವರ್ದ್. ಮೊದಲ ಮೂರರಲ್ಲಿ ಕ್ರಮವಾಗಿ ಪಾದರಸ, ಆರ್ಸೆನಿಕ್, ಸೀಸ ಇವೆ. ಕುಂಚದ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದವರು ಇವುಗಳ ಹತ್ತಿರವೂ ಸುಳಿಯಬೇಡಿ. ಟೈಟೇನಿಯಂ ಬಿಳಿ, ಹಳದಿ ಮಣ್ಣು, ಕಾರ್ಖಾನೆಯ ಅಲ್ಟ್ರಾಮರೀನ್ ಕೆಲಸಕ್ಕೆ ಸಾಕು. ಹರಿದಳದಲ್ಲಿ ಗಂಧಕ ಇರುವುದರಿಂದ ಅದು ಸೀಸದ ಬಿಳಿಯನ್ನೂ ತಾಮ್ರದ ಹಸಿರನ್ನೂ ಕಪ್ಪಾಗಿಸುತ್ತದೆ. ಹಳಬರು ಇವನ್ನು ಬೆರೆಸದೆ ದೂರ ದೂರ ಇಟ್ಟದ್ದು ಅದಕ್ಕೇ.

ಎಲ್ಲಕ್ಕಿಂತ ಕೇಡು ಹಸಿರು. ಜಂಗಾರ್ ಎಂದರೆ ತಾಮ್ರವನ್ನು ಹುಳಿಯಲ್ಲಿ ಇಟ್ಟು ಬರಿಸಿದ ಕಿಲುಬು, ನಮ್ಮ ಅಜ್ಜಿಯರು ಉಪ್ಪಿನಕಾಯಿ ತಾಮ್ರದ ಪಾತ್ರೆಗೆ ಹಾಕಬೇಡ ಎನ್ನುತ್ತಿದ್ದರಲ್ಲ, ಅದೇ. ಬಣ್ಣವೇನೋ ಪಚ್ಚೆ ಹರಳಿನ ಹಾಗೆ. ಆದರೆ ವರ್ಷಗಳು ಕಳೆದಂತೆ ಕಂದಾಗಿ, ಕಾಗದವನ್ನು ಸುಟ್ಟ ಹಾಗೆ ತಿನ್ನುತ್ತದೆ. ಚಿತ್ರದ ಸುತ್ತ ಎಳೆದ ಹಸಿರು ಗೆರೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಗೆರೆಯುದ್ದಕ್ಕೂ ಕಾಗದ ಕೊಯ್ದಂತಾಗಿ, ಒಳಗಿನ ಚೌಕ ಕಿಟಕಿಯ ಬಾಗಿಲಿನ ಹಾಗೆ ಅಂಚಿನಿಂದ ಕಳಚಿ ಬರುತ್ತದೆ. ಅದರ ಕಂದು ನೆರಳು ಮುಂದಿನ ಹಾಳೆಗೂ ಇಳಿದಿರುತ್ತದೆ. ಹಳೆಯ ಕೆಲಸಗಾರರು ಜಂಗಾರಿಗೆ ಕೇಸರಿ ಬೆರೆಸಿ ಇದನ್ನು ತಡೆಯಲು ನೋಡಿದ್ದುಂಟು. ನೀವು ನೀಲಿಗೆ ಹಳದಿ ಬೆರೆಸಿ ಅಥವಾ ಕ್ರೋಮಿಯಂ ಆಕ್ಸೈಡ್ ಹಸಿರು ಬಳಸಿ ನೆಮ್ಮದಿಯಾಗಿರಿ.

ಇನ್ನು ರಕ್ಷ್. ಕಾವ್ಯ ಅದರ ಮೈಬಣ್ಣವನ್ನು ಕೇಸರಿಯ ಮೇಲೆ ಗುಲಾಬಿ ಎಸಳು ಚೆಲ್ಲಿದಂತೆ ಎನ್ನುತ್ತದೆ. ಇದನ್ನು ಅಕ್ಷರಶಃ ಹಾಗೇ ಬರೆಯಬಹುದು. ಬಿಳಿಗೆ ಹಳದಿ ಮಣ್ಣು, ಕಣದಷ್ಟು ಕೆಂಪು ಸೇರಿಸಿ ಸಮತಟ್ಟಾಗಿ ಎರಡು ತೆಳು ಕೈ ಹಾಕಿ ಒಣಗಲು ಬಿಡಿ. ದಪ್ಪ ಒಂದು ಕೈ ಹಾಕಿದರೆ ಹಾಳೆ ಬಾಗಿದಾಗ ಸಿಡಿಯುತ್ತದೆ. ಮೇಲೆ ಕೆಂಪು ಬಿಳಿ ಬೆರೆತ ಗುಲಾಬಿಯಲ್ಲಿ 2 ಮಿ.ಮೀ. ಚುಕ್ಕೆ: ಭುಜ, ಬೆನ್ನು, ಪೃಷ್ಠದ ಮೇಲೆ ದಟ್ಟ, ಹೊಟ್ಟೆಯ ಕಡೆಗೆ ಬರುತ್ತ ವಿರಳ. ಚುಕ್ಕೆ ಎಲ್ಲ ಒಂದೇ ಅಳತೆಯಾದರೆ ಕುದುರೆ ಹೋಗಿ ಚೀಟಿ ಬಟ್ಟೆಯಾಗುತ್ತದೆ. ಹೊರರೇಖೆ ಕಪ್ಪಲ್ಲಿ ಬೇಡ, ಕೆಂಪು ಬೆರೆತ ಕಂದು. ನೆರಳು ಹಾಕಬೇಡಿ, ದುಂಡಗೆ ತೋರಿಸಲು ಹೋಗಬೇಡಿ. ಸಿಂಹ ಕುದುರೆ ಹೆಣೆದುಕೊಂಡ ಕಡೆ ಯಾರ ಕಾಲು ಮುಂದೆ ಎಂದು ರೇಖೆಯಲ್ಲೇ ತೀರ್ಮಾನಿಸಿ, ಹಿಂದಿನದಕ್ಕೆ ಮೊದಲು ಬಣ್ಣ ಹಾಕಿ. ಕುಂಚ ಸೊನ್ನೆ ಅಥವಾ ಮೂರು ಸೊನ್ನೆ ನಂಬರಿನದು, ತುದಿ ಸೂಜಿಯಂತಿದ್ದು ಹೊಟ್ಟೆ ಬಣ್ಣ ಹಿಡಿಯುವಷ್ಟು ತುಂಬಿರಬೇಕು. ಮುಂಗುಸಿ ಕೂದಲಿನ ಕುಂಚ ಯಾರಾದರೂ ತೋರಿಸಿದರೆ ಬೇಡ ಎನ್ನಿ, ಅದು ಕಾನೂನುಬಾಹಿರ.

ರುಸ್ತುಮನ ಗುರುತು ಹುಲಿಚರ್ಮದ ಮೇಲಂಗಿ, ಚಿರತೆ ತಲೆಯ ಶಿರಸ್ತ್ರಾಣ, ಎತ್ತಿನ ತಲೆಯ ಗದೆ. ಆ ಮೇಲಂಗಿಯ ಹೆಸರು ಬಬ್ರ್-ಎ-ಬಯಾನ್. ಬಬ್ರ್ ಎಂದರೆ ಹುಲಿ. ಶ್ರೀರಂಗಪಟ್ಟಣದವರಿಗೆ ಈ ಪದ ಹೊಸದಲ್ಲ: ಟಿಪ್ಪು ತನ್ನ ಸೈನಿಕರ ಬಟ್ಟೆಯಿಂದ ಹಿಡಿದು ಆಯುಧದವರೆಗೆ ಹಾಕಿಸಿದ ಹುಲಿಪಟ್ಟೆಗೆ ಬಬ್ರಿ ಎಂದೇ ಹೆಸರು.

ಬಂಡೆಗಳಿಗೆ ತಿಳಿನೇರಳೆ, ಗುಲಾಬಿ, ನೀಲಿ. ದಿಗಂತ ಚೌಕಟ್ಟಿನ ಮೇಲಿನ ಕಾಲುಭಾಗದಲ್ಲಿರಲಿ, ಉಳಿದದ್ದೆಲ್ಲ ನೆಲ. ರಾತ್ರಿಯಾದರೂ ಕತ್ತಲು ಬಳಿಯುವುದಿಲ್ಲ, ಚಂದ್ರ, ದೀಪ ಕಂಡರೆ ರಾತ್ರಿ ಎಂದು ತಿಳಿದುಕೊಳ್ಳಬೇಕು. ಬೇರೆ ಸನ್ನಿವೇಶಗಳಲ್ಲಿ ಗುಡ್ಡದ ಹಿಂದಿನಿಂದ ಇಣುಕುವ ಜನ ತೋರುಬೆರಳನ್ನು ತುಟಿಗೆ ಇಟ್ಟುಕೊಂಡಿರುತ್ತಾರೆ. ಸುಮ್ಮನಿರು ಎಂದಲ್ಲ ಅದರ ಅರ್ಥ. ನಾವು ಮೂಗಿನ ಮೇಲೆ ಬೆರಳಿಡುತ್ತೇವೆ, ಅವರು ಬೆರಳು ಕಚ್ಚುತ್ತಾರೆ, ಅಷ್ಟೇ ವ್ಯತ್ಯಾಸ. ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧ ನೋಡುವಾಗ ಪಲ್ಲಕ್ಕಿಯಲ್ಲಿ ಕೂತ, ಸೋತ ಇಂಗ್ಲಿಷ್ ಸೇನಾನಿ ಕರ್ನಲ್ ಬೈಲಿಯ ಕೈ ಗಮನಿಸಿ. ಬೆರಳು ಬಾಯಲ್ಲಿದೆ. ಹೆದರಿ ಉಗುರು ಕಚ್ಚುತ್ತಿದ್ದಾನೆ ಎಂದು ಹೇಳುವುದುಂಟು. ಪರ್ಷಿಯನ್ ಪುಟಗಳನ್ನು ನೋಡಿದ ಕಣ್ಣಿಗೆ ಅದು ದಿಗ್ಭ್ರಮೆಯ ಹಳೆಯ ಮುದ್ರೆ ಎಂದೇ ಅನಿಸುತ್ತದೆ. ಆದರೆ ಅದೇ ಗೋಡೆಯನ್ನು ನೋಡಿ ಬಣ್ಣದ ಪದ್ಧತಿ ಕಲಿಯಬೇಡಿ. ಬಿಸಿಲು, ಗಾಳಿ ಕಂಡ ಗೋಡೆ ಅದು. ಸುಣ್ಣ ಬಳಿಸಿಕೊಂಡು ಮತ್ತೆ ಬರೆಸಿಕೊಂಡಿದೆ.

ಮುಖಗಳು, ಹೊರರೇಖೆ ಮುಗಿದ ಮೇಲೆ ಚೌಕಟ್ಟಿನ ಗೆರೆ, ಜದ್ವಲ್: ಒಳಗಿನಿಂದ ಚಿನ್ನ, ಕೆಂಪು, ಹೊರಗೊಂದು ನೀಲಿ. ಚಿನ್ನದ ಎರಡೂ ಬದಿಗೆ ಕೂದಲೆಳೆಯ ಕಪ್ಪು. ರೂಲಿಂಗ್ ಪೆನ್ನಿಗೆ ಬಣ್ಣವನ್ನು ಕುಂಚದಿಂದ ತುಂಬಿಸಿ, ಅದ್ದಬೇಡಿ, ಅದ್ದಿದರೆ ಶುರುವಿನಲ್ಲೇ ಗೊಳಕು ಬೀಳುತ್ತದೆ. ಒಂದು ಮರದ ಕೊಂಬೆಯನ್ನೋ ಬಂಡೆಯ ತುದಿಯನ್ನೋ ಗೆರೆ ದಾಟಿ ಅಂಚಿಗೆ ಹೋಗಲು ಬಿಡಿ.

ಈ ಪುಟಗಳನ್ನು ಪುಸ್ತಕದಿಂದ ಕಿತ್ತು ಚೌಕಟ್ಟಿಗೆ ಹಾಕುವುದು ನನಗೆ ಸೇರದ ವಿಷಯ, ಆದರೂ ನಡೆದದ್ದು ಅದೇ. 1330ರ ದಶಕದ ದೊಡ್ಡ ಮಂಗೋಲ್ ಶಾಹ್‌ನಾಮಾವನ್ನು ವ್ಯಾಪಾರಿ ದೆಮೊತ್ ಬಿಡಿಬಿಡಿಯಾಗಿ ಮಾರಿದ. ಎರಡೂ ಬದಿ ಚಿತ್ರವಿದ್ದ ಹಾಳೆಗಳ ದಪ್ಪವನ್ನೇ ಸೀಳಿ ಎರಡು ಮಾಡಿದ. ಇರಾನಿನ ದೊರೆ ಶಾ ತಹ್ಮಾಸ್ಪನ ಶಾಹ್‌ನಾಮಾ 759 ಹಾಳೆ, 258 ಚಿತ್ರಗಳ ಪುಸ್ತಕ. 1568ರಲ್ಲಿ ಒಟ್ಟೊಮನ್ ಸುಲ್ತಾನ ಎರಡನೇ ಸೆಲೀಮನಿಗೆ ಉಡುಗೊರೆಯಾಗಿ ಹೋಗಿ ಶತಮಾನಗಳ ಕಾಲ ಒಟ್ಟಿಗೇ ಇತ್ತು. 1959ರಲ್ಲಿ ಕೊಂಡ ಅಮೆರಿಕದ ಸಂಗ್ರಾಹಕ ಆರ್ಥರ್ ಹೌಟನ್ ಅದನ್ನು ಬಿಚ್ಚಿದ. 78 ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋದವು, ಕೆಲವು ಹರಾಜಾದವು. ಉಳಿದ 118 ಚಿತ್ರಗಳು 1994ರಲ್ಲಿ ಅಮೆರಿಕದ ಆಧುನಿಕ ಚಿತ್ರಗಾರ ವಿಲ್ಲೆಮ್ ಡಿ ಕೂನಿಂಗನ ಒಂದು ಕ್ಯಾನ್ವಾಸ್ ಚಿತ್ರಕ್ಕೆ ಬದಲಾಗಿ ಟೆಹರಾನಿಗೆ ಮರಳಿದವು. ವಿನಿಮಯ ನಡೆದದ್ದು ವಿಯೆನ್ನಾದ ವಿಮಾನ ನಿಲ್ದಾಣದಲ್ಲಿ. 400 ವರ್ಷ ದಾಟಿದ ಬಣ್ಣ ಹಾಗೇ ಹೊಳೆಯುತ್ತಿದ್ದದ್ದು ಅಷ್ಟು ಕಾಲ ಪುಸ್ತಕ ಮುಚ್ಚಿಯೇ ಇದ್ದದ್ದರಿಂದ.

ನಿಮ್ಮ ಪುಟ ಮುಗಿದ ಮೇಲೆ ಒಂದು ವಾರ ಬಿಡಿ. ಆಮೇಲೆ ಚಿತ್ರದ ಮೇಲೆ ಗಂಜಿ ಹಾಕಿ ಉಜ್ಜಿದ ಖಾಲಿ ಹಾಳೆಯೊಂದನ್ನು ಇಟ್ಟು, ಎರಡು ರಟ್ಟಿನ ನಡುವೆ ಮುಚ್ಚಿ, ಎರಡು ಕೆ.ಜಿ. ತೂಕ ಹೇರಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಖಾಲಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ನೀಲಿ ಪುಡಿ ಹತ್ತಿದ್ದರೆ ಅಲ್ಟ್ರಾಮರೀನಿಗೆ ಗೋಂದು ಸಾಲದು, ತೆಳು ಗೋಂದಿನ ನೀರನ್ನು ಮೇಲೆ ಒಂದೇ ಕೈ ಹಾಯಿಸಿ. ಹಾಳೆ ಚಿನ್ನದ ಜಾಗದಲ್ಲಿ ಚರ್ರೆಂದು ಬಿಟ್ಟುಕೊಂಡಿದ್ದರೆ ಜೇನು ಉಳಿದಿದೆ, ಅದಕ್ಕೆ ಮದ್ದಿಲ್ಲ, ಆ ಆಕಾಶ ಕೆರೆದು ಮತ್ತೆ ಮಾಡಬೇಕು. ರಕ್ಷ್‌ನ ಚುಕ್ಕೆಗಳು ದಿನ್ನೆಯಾಗಿ ಒತ್ತಿ ಮೂಡಿದ್ದರೆ ಬಣ್ಣ ದಪ್ಪವಾಗಿದೆ. ಏನೂ ಇಲ್ಲದೆ ಹಾಳೆ ಬೆಳ್ಳಗೇ ಇದ್ದರೆ ಹೊಲಿಗೆಗೆ ಕೊಡಿ.